ಅವರಿಗೆ ಬಂಪರ್, ನಮಗೆ ಬಿಟ್ಟಿ?

ಓದಿ, ಪಕ್ಕದವರಿಗೆ ಕೊಡಿ. ಬೋಂಡಾ ಕಟ್ಟುವುದೇ ಆದರೆ ಓದಿದ ಮೇಲೆ ಕಟ್ಟಿ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ದುಡಿಯುವ ಬಂಧುಗಳೇ,

2025ರ ಸೆಪ್ಟೆಂಬರ್ 4, ಗುರುವಾರ. ಪೀಣ್ಯ ಎರಡನೇ ಹಂತದ ಟೀ ಅಂಗಡಿ. ಶೆಡ್ಡಿನ ಶಟರ್ ಎತ್ತುವ ಮೊದಲು ಬೈ-ಟು ಹಿಡಿದು ಪೇಪರ್ ಬಿಡಿಸಿದೆ. ಹಿಂದಿನ ರಾತ್ರಿ ದಿಲ್ಲಿಯಲ್ಲಿ ಜಿಎಸ್‌ಟಿ ಮಂಡಳಿಯ 56ನೇ ಸಭೆ ಮುಗಿದಿತ್ತು. ಮೊದಲ ಪುಟದ ತುಂಬ ಪಟಾಕಿ. ಶಾಂಪೂ ಅಗ್ಗ, ಟೂತ್‌ಪೇಸ್ಟ್ ಅಗ್ಗ, ಎಸಿ ಅಗ್ಗ, ಸಣ್ಣ ಕಾರು ಅಗ್ಗ, ಇನ್ಶೂರೆನ್ಸ್‌ಗೆ ತೆರಿಗೆಯೇ ಇಲ್ಲ. ನಾನು ಹುಡುಕುತ್ತಿದ್ದದ್ದು ಒಂದೇ ಪದ: ಜಾಬ್ ವರ್ಕ್. ಮೊದಲ ಪುಟದಲ್ಲಿಲ್ಲ. ವಾಣಿಜ್ಯ ಪುಟದಲ್ಲಿಲ್ಲ. ‘ಯಾವುದು ಇಳಿಕೆ, ಯಾವುದು ಏರಿಕೆ’ ಅನ್ನುವ ಬಣ್ಣದ ಪಟ್ಟಿಯಲ್ಲಿ ಏರಿಕೆಯ ಕಡೆ ಸಿಗರೇಟು, ಗುಟ್ಕಾ, ದೊಡ್ಡ ಕಾರು ಇದ್ದವು, ನಾವಿರಲಿಲ್ಲ. ಮಧ್ಯಾಹ್ನ ಆಡಿಟರ್ ವಾಟ್ಸ್ಆ್ಯಪ್ ಮಾಡಿದರು: ‘ಸಾರ್, 22ನೇ ತಾರೀಖಿಂದ ನಿಮ್ಮದು 12 ಅಲ್ಲ, 18.’

ದೇಶಕ್ಕೆಲ್ಲ ತೆರಿಗೆ ಇಳಿದ ದಿನ ನಮ್ಮ ರೇಟು ಏರಿತ್ತು. ಇದು ಗುಟ್ಟೇನಲ್ಲ. ಸರ್ಕಾರದ ಪತ್ರಿಕಾ ಪ್ರಕಟಣೆಯ ಹಿಂದೆ ಅಂಟಿಸಿದ್ದ ಅನುಬಂಧದಲ್ಲಿ, ಸೇವೆಗಳ ಪಟ್ಟಿಯಲ್ಲಿ, ಒಂದು ಸಾಲಾಗಿ ಇತ್ತು. ಅಷ್ಟು ದೂರ ಓದುವ ಪುರುಸೊತ್ತು ನಾನು ದುಡ್ಡು ಕೊಟ್ಟು ತರಿಸುವ ಪೇಪರಿಗೆ ಇರಲಿಲ್ಲ.

ವೈಟ್‌ಫೀಲ್ಡಿನ ತಮ್ಮಂದಿರಿಗೆ, ತಂಗಿಯರಿಗೆ ಜಾಬ್ ವರ್ಕ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ದೊಡ್ಡ ಕಂಪನಿ ತನ್ನ ರಾಡು, ಕಾಸ್ಟಿಂಗ್ ಕಳಿಸುತ್ತದೆ. ನಾವು ಲೇತ್ ಮೇಲೆ, ಸಿಎನ್‌ಸಿ ಮೇಲೆ ಹಾಕಿ ಟರ್ನಿಂಗ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮಾಡಿ ವಾಪಸ್ ಕಳಿಸುತ್ತೇವೆ. ಮಾಲು ಅವರದು, ಕೂಲಿ ನಮ್ಮದು. ತಿಂಗಳಿಗೆ 5 ಲಕ್ಷದ ಬಿಲ್ಲು ಹಾಕುವ ಒಂದು ಶೆಡ್ಡು ಇದೆ ಅಂತಿಟ್ಟುಕೊಳ್ಳಿ. ಮೊದಲು ಅದರ ಮೇಲೆ 60,000 ಜಿಎಸ್‌ಟಿ, ಈಗ 90,000. ಬಿಲ್ಲು ಹಾಕಿದ ಮುಂದಿನ ತಿಂಗಳು 20ಕ್ಕೋ 25ಕ್ಕೋ ಅದನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಕಂಪನಿಯಿಂದ ನಮಗೆ ದುಡ್ಡು ಬರುವುದು ಯಾವಾಗ? ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಕಾನೂನು ಗೋಡೆ ಮೇಲಿದೆ, ಚೆಕ್ಕು 90 ದಿನಕ್ಕೆ ಬರುತ್ತದೆ. ತಿಂಗಳಿಗೆ 30,000ದಂತೆ ಮೂರು ತಿಂಗಳಿಗೆ 90,000 ಹೆಚ್ಚುವರಿ ದುಡ್ಡು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ತರುವುದು ಬ್ಯಾಂಕಿನ ಓಡಿಯಿಂದ, ಇಲ್ಲವೇ ಮನೆಯವಳ ಬಳೆಯಿಂದ.

ಟಿವಿಯ ತೆರಿಗೆ ತಜ್ಞರು ‘ಅದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದಲ್ಲ’ ಅನ್ನುತ್ತಾರೆ. ಸಿಗುತ್ತದೆ, ಕಂಪನಿಗೆ. ಮಾಲು ನಮ್ಮದಲ್ಲದ ಮೇಲೆ ನಮಗೆಲ್ಲಿಯ ಕ್ರೆಡಿಟ್ಟು? ಕರೆಂಟ್ ಬಿಲ್ಲಿಗೆ ಜಿಎಸ್‌ಟಿ ಇಲ್ಲ, ಹುಡುಗರ ಸಂಬಳಕ್ಕಿಲ್ಲ. ಇನ್ಸರ್ಟು, ಕೂಲಂಟ್ ಆಯಿಲಿನ ಮೇಲೆ ಬಂದರೆ ಒಂದಿಷ್ಟು ಚಿಲ್ಲರೆ. ಇಷ್ಟನ್ನು ಕೇಳಲು ಒಂದು ಕ್ಯಾಮೆರಾ ತುಮಕೂರು ರಸ್ತೆಗೆ ಬರಬಹುದಿತ್ತು. 2021ರ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದಾಗ ಬಂದಿದ್ದವಲ್ಲ, ದಾರಿ ಗೊತ್ತಿಲ್ಲದೇ ಏನಿಲ್ಲ.

ಇನ್ನೊಂದು ದಿನ ನೆನಪು ಮಾಡಿಕೊಳ್ಳಿ. 2019ರ ಸೆಪ್ಟೆಂಬರ್ 20. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಗೋವಾದಲ್ಲಿ ಬೆಳಗ್ಗೆ ಕಂಪನಿ ತೆರಿಗೆ ಇಳಿಸಿದರು: 30ರಿಂದ 22ಕ್ಕೆ, ಹೊಸ ಉತ್ಪಾದನಾ ಕಂಪನಿಗೆ 15ಕ್ಕೆ. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಹೇಳಿತು. ಸೆನ್ಸೆಕ್ಸ್ ಒಂದೇ ದಿನ 1,921 ಅಂಶ ನೆಗೆಯಿತು, ಆ್ಯಂಕರುಗಳೂ ಜೊತೆಗೇ ನೆಗೆದರು. ಅದೇ ಊರಿನಲ್ಲಿ ಅದೇ ದಿನ ನಡೆದ ಜಿಎಸ್‌ಟಿ ಮಂಡಳಿಯ 37ನೇ ಸಭೆ ಇಂಜಿನಿಯರಿಂಗ್ ಜಾಬ್ ವರ್ಕನ್ನು 18ರಿಂದ 12ಕ್ಕೆ ಇಳಿಸಿತ್ತು. ಪೀಣ್ಯಕ್ಕೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇರಲಿಲ್ಲ. ಇಲ್ಲಿನ ಸಣ್ಣ ಶೆಡ್ಡುಗಳಲ್ಲಿ ಬಹಳಷ್ಟು ಪ್ರೊಪ್ರೈಟರ್‌ಶಿಪ್ಪು, ಪಾರ್ಟ್ನರ್‌ಶಿಪ್ಪು. ಕಂಪನಿ ತೆರಿಗೆಯ ಇಳಿಕೆ ಅವಕ್ಕೆ ತಾಗುವುದೇ ಇಲ್ಲ. ಆದರೂ ಸೆನ್ಸೆಕ್ಸಿನ ಗದ್ದಲದಲ್ಲಿ ನಮ್ಮ ಸುದ್ದಿ ಮುಳುಗಿಹೋಯಿತು. ಆರು ವರ್ಷ ಕಳೆಯಿತು. 12 ಮತ್ತೆ 18 ಆಗಿದೆ. ಕಂಪನಿಯ 22 ಹಾಗೇ ಇದೆ.

ಸುದ್ದಿಮನೆಯವರು ಸುಳ್ಳು ಬರೆದರು ಅನ್ನುವುದು ನಮ್ಮ ದೂರಲ್ಲ. ಶಾಂಪೂ ಅಗ್ಗವಾದದ್ದು ನಿಜ, ಸಣ್ಣ ಬೈಕಿನ ತೆರಿಗೆ 28ರಿಂದ 18ಕ್ಕೆ ಇಳಿದದ್ದೂ ನಿಜ. ತೆರಿಗೆ ಇಳಿಯುವುದನ್ನು ನಾವು ವಿರೋಧಿಸುತ್ತಲೂ ಇಲ್ಲ. ಜೇಬಿಗೆ ಉಳಿದರೆ ಬೇಡ ಅನ್ನಲು ನಾವೇನು ಸನ್ಯಾಸಿಗಳೇ? ನಮ್ಮ ದೂರು ಇರುವುದು, ಅವರು ಯಾರನ್ನು ಕೇಳುತ್ತಾರೆ, ಯಾವ ಪ್ರಶ್ನೆ ಕೇಳುತ್ತಾರೆ, ಯಾವ ಪದ ಬಳಸುತ್ತಾರೆ ಅನ್ನುವುದರ ಮೇಲೆ.

ಪದದ ವಿಷಯವನ್ನೇ ನೋಡಿ. ಹೆಗ್ಗನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಗಳ ಖಾತೆಗೆ ರಾಜ್ಯದ ಗ್ಯಾರಂಟಿಯಿಂದ ತಿಂಗಳಿಗೆ 2,000 ಬಂದರೆ ಅದು ‘ಬಿಟ್ಟಿ ಭಾಗ್ಯ’. ಕೂಡಲೇ ಪ್ಯಾನೆಲ್ ಕೂರುತ್ತದೆ, ‘ದುಡ್ಡು ಎಲ್ಲಿಂದ ಬರುತ್ತೆ? ಬೊಕ್ಕಸದ ಗತಿ ಏನು? ಜನ ಸೋಮಾರಿಗಳಾಗಲ್ವಾ?’ ಒಳ್ಳೆಯ ಪ್ರಶ್ನೆಗಳೇ. ರಾಜ್ಯದ ಐದು ಗ್ಯಾರಂಟಿಗೆ 2025-26ನೇ ಸಾಲಿನ ಬಜೆಟ್ಟಿನಲ್ಲಿ ಸುಮಾರು 51,000 ಕೋಟಿ ಇಟ್ಟಿದ್ದರು, ಕೇಳಲೇಬೇಕು. ಆದರೆ 2025ರ ಫೆಬ್ರವರಿ 1ರಂದು ಆದಾಯ ತೆರಿಗೆ ಇಳಿಸಿ, ಇದರಿಂದ 1 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಅಂತ ಕೇಂದ್ರ ಹೇಳಿದಾಗ ಅದೇ ಸ್ಟುಡಿಯೋದಲ್ಲಿ ಅದು ‘ಬಂಪರ್’, ‘ಮಧ್ಯಮ ವರ್ಗಕ್ಕೆ ಗಿಫ್ಟ್’. ಗ್ಯಾರಂಟಿಯ ಎರಡು ಪಟ್ಟು ಮೊತ್ತ. ‘ದುಡ್ಡು ಎಲ್ಲಿಂದ?’ ಅನ್ನುವ ಪ್ರಶ್ನೆಗೆ ಆ ಸಂಜೆ ಗಂಟಲು ಕಟ್ಟಿತ್ತು.

‘ತೆರಿಗೆ ಇಳಿಸಿದರೆ ಅವರ ದುಡ್ಡು ಅವರಿಗೇ ಉಳಿಯುತ್ತೆ, ಗ್ಯಾರಂಟಿ ಬೇರೆಯವರ ದುಡ್ಡು’ ಅನ್ನುವವರಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ತಮ್ಮ ನನ್ನ ಮುಖಕ್ಕೇ ಹೀಗೆ ಹೇಳಿದ. ವಾದದಲ್ಲಿ ಹುರುಳಿದೆ, ಪೂರ್ತಿ ಇಲ್ಲ. ಆ ಹೆಣ್ಣುಮಗಳು ಸೋಪು ಕೊಂಡಾಗ, ಬಟ್ಟೆ ಕೊಂಡಾಗ, ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಕಟ್ಟಿದ್ದೂ ತೆರಿಗೆಯೇ. ಅವಳಿಗೆ ರಿಟರ್ನ್ ಫೈಲ್ ಮಾಡುವ ಪೋರ್ಟಲ್ ಇಲ್ಲ, ಅಷ್ಟೇ. ಅವಳು ‘ತೆರಿಗೆದಾರಳು’ ಅಂತ ಯಾವ ಚಾನೆಲ್ಲೂ ಕರೆದದ್ದನ್ನು ನಾನು ಕೇಳಿಲ್ಲ.

ಈಗ ಐಟಿಯವರ ಸರದಿ. ಪೀಣ್ಯದವನು ನಿಮ್ಮ ಮೇಲೆ ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾನೆ ಅಂದುಕೊಳ್ಳಬೇಡಿ, ನಿಮಗೂ ಅರ್ಧ ಸುದ್ದಿಯನ್ನೇ ಮಾರಿದ್ದಾರೆ. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಅನ್ನುವ ತಲೆಬರಹ ಓದಿ ಎಷ್ಟು ಜನ 13 ಲಕ್ಷದವರು ‘ಮೇಲಿನ 1 ಲಕ್ಷಕ್ಕೆ ಮಾತ್ರ ಕಟ್ಟಿದರಾಯ್ತು’ ಅಂದುಕೊಂಡಿರಿ? ತೆರಿಗೆಗೆ ಒಳಪಡುವ ಆದಾಯ 13 ಲಕ್ಷ ಆದರೆ ಲೆಕ್ಕ 4 ಲಕ್ಷದಿಂದಲೇ ಶುರು: 75,000, ಸೆಸ್ ಬೇರೆ. ಈ ಸೌಲಭ್ಯ ಹೊಸ ಪದ್ಧತಿಗೆ ಮಾತ್ರ. ಅಲ್ಲಿ ವೈಟ್‌ಫೀಲ್ಡಿನ ಮನೆ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿ ಇಲ್ಲ, ಪಿಪಿಎಫ್‌ಗೆ ಕಡಿತ ಇಲ್ಲ. ಷೇರು ಮಾರಿ ಬಂದ ಲಾಭಕ್ಕೂ ಆ ರಿಯಾಯಿತಿ ದಕ್ಕುವುದಿಲ್ಲ. ‘ಇನ್ಶೂರೆನ್ಸ್‌ಗೆ ಜಿಎಸ್‌ಟಿ ಇಲ್ಲ’ ಅನ್ನುವುದೂ ಅಷ್ಟೇ. ನೀವೇ ಮಾಡಿಸಿದ ಪಾಲಿಸಿಗೆ ಇಲ್ಲ, ಕಂಪನಿಯ ಗ್ರೂಪ್ ಪಾಲಿಸಿಗೆ 18 ಹಾಗೇ ಇದೆ. ಅಪ್ಪ ಅಮ್ಮನನ್ನು ಗ್ರೂಪ್ ಪಾಲಿಸಿಯಲ್ಲಿ ಸೇರಿಸಿ ಸಂಬಳದಲ್ಲಿ ಕಟ್ ಮಾಡಿಸುತ್ತಿರುವವರು ಸ್ಲಿಪ್ ತೆಗೆದು ನೋಡಿ.

‘ಮಧ್ಯಮ ವರ್ಗ’ ಅಂದರೆ ಯಾರು ಅನ್ನುವುದನ್ನೂ ಆ ಬಜೆಟ್ ಸಂಜೆ ಸ್ಟುಡಿಯೋದವರೇ ತೀರ್ಮಾನ ಮಾಡಿದರು. ವರ್ಷಕ್ಕೆ 12 ಲಕ್ಷ ಇರುವವರಿಗೆ 80,000 ಉಳಿಯಿತು, 25 ಲಕ್ಷದವರಿಗೆ 1,10,000. ನನ್ನ ಸಿಎನ್‌ಸಿ ಆಪರೇಟರ್‌ಗೆ ತಿಂಗಳಿಗೆ 25,000. ಅವನಿಗೆ ಮೊದಲೂ ಆದಾಯ ತೆರಿಗೆ ಇರಲಿಲ್ಲ, ಈಗಲೂ ಇಲ್ಲ, ಉಳಿದದ್ದು ಸೊನ್ನೆ. ಮಗಳ ಫೀಸು, ಲಗ್ಗೆರೆಯ ಬಾಡಿಗೆ, ಬೈಕಿನ ಕಂತು ಎಲ್ಲ ಅವನಿಗೂ ಇದೆ. ತಾನು ಮಧ್ಯಮ ವರ್ಗ ಅಂದುಕೊಂಡೇ ಅವನು ಆ ದಿನ ಮೊಬೈಲಿನಲ್ಲಿ ಬಜೆಟ್ ನೋಡಿದ. ‘ಅಣ್ಣಾ, ನಮ್ಗೇನ್ ಬಂತು?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಟಿವಿಯವರಿಗೆ ಪ್ರಶ್ನೆಯೇ ಇರಲಿಲ್ಲ.

ಇನ್ನೊಂದು ಲೆಕ್ಕವನ್ನು ಯಾವ ಕನ್ನಡ ಚಾನೆಲ್ ಹಲಗೆ ಮೇಲೆ ಬರೆದು ತೋರಿಸಿತೋ ನನಗಂತೂ ಕಾಣಲಿಲ್ಲ. ಕೇಂದ್ರ ವಸೂಲಿ ಮಾಡುವ ಆದಾಯ ತೆರಿಗೆಯಲ್ಲಿ 100ಕ್ಕೆ 41 ರೂಪಾಯಿ ರಾಜ್ಯಗಳ ಪಾಲು. ಸೆಸ್, ಸರ್ಚಾರ್ಜು ಮಾತ್ರ ಆ ಹಂಚಿಕೆಯಿಂದ ಹೊರಗೆ. ಹಾಗಾಗಿ 1 ಲಕ್ಷ ಕೋಟಿ ಬಿಟ್ಟುಕೊಟ್ಟರೆ ಸರಿಸುಮಾರು 41,000 ಕೋಟಿ ಬಿಟ್ಟುಕೊಟ್ಟವರು ರಾಜ್ಯಗಳು, ಅವರನ್ನು ಯಾರೂ ಕೇಳಿರಲಿಲ್ಲ. 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟ ಪಾಲು ಶೇ 3.647; ಅದಕ್ಕೂ ಹಿಂದಿನ ಆಯೋಗದಲ್ಲಿ 4.713 ಇತ್ತು. ಗುಣಿಸಿ ನೋಡಿ, ಸುಮಾರು 1,500 ಕೋಟಿ ನಮ್ಮ ರಾಜ್ಯದ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿ ಇಳಿಸುವ ಮುಂಚೆ 2025ರ ಆಗಸ್ಟಿನಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಪಂಜಾಬ್ ಸೇರಿ ಎಂಟು ರಾಜ್ಯಗಳ ಸಚಿವರು ದಿಲ್ಲಿಯ ಕರ್ನಾಟಕ ಭವನದಲ್ಲಿ ಕೂತು, ಇಳಿಸಿ, ಆದರೆ ನಮಗಾಗುವ ನಷ್ಟ ತುಂಬಿಕೊಡಿ ಅಂತ ಕೇಳಿದರು. ರಾಜ್ಯಗಳ ಜಿಎಸ್‌ಟಿ ವರಮಾನದಲ್ಲಿ ಶೇ 15ರಿಂದ 20 ಖೋತಾ ಆದೀತು ಅಂದರು ಸಚಿವ ಕೃಷ್ಣ ಬೈರೇಗೌಡ. ಕೇಂದ್ರ ಕೊಟ್ಟ ಅಂದಾಜು ಒಟ್ಟು 48,000 ಕೋಟಿ. ಎರಡು ಲೆಕ್ಕಕ್ಕೂ ಅಜಗಜಾಂತರ. ಯಾರದು ಸರಿ, ಯಾವ ವರ್ಷದ ಬಳಕೆ ಹಿಡಿದು ಗುಣಿಸಿದರು ಅಂತ ಬಿಡಿಸಿ ಹೇಳುವುದೇ ಪತ್ರಕರ್ತರ ಕೆಲಸವಾಗಿತ್ತು. ಬದಲಿಗೆ ಒಂದು ಕಡೆ ‘ತೆರಿಗೆ ಇಳಿಕೆಗೂ ಅಡ್ಡಗಾಲು’, ಇನ್ನೊಂದು ಕಡೆ ‘ರಾಜ್ಯಕ್ಕೆ ಮತ್ತೆ ಚೊಂಬು’. ಓದುಗನ ಕೈಗೆ ಬಂದದ್ದೂ ಅದೇ ಚೊಂಬು.

ರಾಜ್ಯ ಸರ್ಕಾರದ ಕೊಡೆ ಹಿಡಿಯಲು ನಾವು ಬಂದಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84ಕ್ಕೆ ಏರಿಸಿದವರು, 2025ರ ಏಪ್ರಿಲ್‌ನಲ್ಲಿ ಡೀಸೆಲ್‌ನದನ್ನು 21.17ಕ್ಕೆ ಒಯ್ದವರು ಇವರೇ. ಆಗ ‘ಪಕ್ಕದ ರಾಜ್ಯಕ್ಕಿಂತ ನಮ್ಮಲ್ಲೇ ಕಮ್ಮಿ’ ಅನ್ನುವ ಸರ್ಕಾರದ ಮಾತನ್ನು ಹಾಗೆಹಾಗೇ ಅಚ್ಚು ಹಾಕಿದವರೂ ಇದ್ದಾರೆ. ಜಿಎಸ್‌ಟಿ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು; ಅದೇ ವರ್ಷ ನವೆಂಬರಿನಲ್ಲಿ 700 ಆಯಿತು. ಇಳಿದಾಗ ಹೊಗಳಿದವರು ಬೇರೆ, ಏರಿದಾಗ ಬೈದವರು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟವರು ಎಷ್ಟು ಮಂದಿ?

2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದದ್ದು ನಿಮಗೆಲ್ಲ ನೆನಪಿದೆ. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ರಟ್ಟಿನ ಬೋರ್ಡುಗಳು ಇಲ್ಲೂ ನೇತಾಡಿದವು. ನೋಟಿಸ್ ಕಳಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಕಾನೂನು ಜಿಎಸ್‌ಟಿಯದು. ಒಂದು ಚಾನೆಲ್ಲಿಗೆ ಅದು ರಾಜ್ಯ ಸರ್ಕಾರದ ಲೂಟಿ, ಇನ್ನೊಂದಕ್ಕೆ ಮೋದಿ ತೆರಿಗೆ. ನಮ್ಮ ಮೂಲೆಯ ಬೇಕರಿ ಅಣ್ಣನಿಗೆ ಬೇಕಿದ್ದದ್ದು ಇಷ್ಟೇ: ಹಾಲು, ಬ್ರೆಡ್ಡಿಗೆ ತೆರಿಗೆ ಇಲ್ಲವಲ್ಲ, ಅದರ ವ್ಯಾಪಾರವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತಾ? ಸೇರುತ್ತದೆ. ತೆರಿಗೆ ಇಲ್ಲದ್ದನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ. ಜೊತೆಗೆ ಕೇಕು, ಸಿಗರೇಟು ಇಟ್ಟರೆ ಎಲ್ಲ ಸೇರಿಸಿ ಮಿತಿ ನೋಡುತ್ತಾರೆ, ತೆರಿಗೆ ಮಾತ್ರ ಕೇಕು, ಸಿಗರೇಟಿಗೇ. ನಾಲ್ಕು ಸಾಲು. ಇದನ್ನು ಹೇಳದೆ ಹತ್ತು ದಿನ ಕಿರುಚಿದರು.

ಯಾಕೆ ಹೀಗೆ? ಜಾಹೀರಾತು ನೋಡಿ. ಜಿಎಸ್‌ಟಿ ಇಳಿದ ವಾರ ಪೇಪರಿನ ಮೊದಲ ಪುಟ ತೆರೆದರೆ ಸುದ್ದಿಯೇ ಇಲ್ಲ. ಕಾರು, ಟಿವಿ, ‘ಉಳಿತಾಯ ಉತ್ಸವ’. ಗ್ಯಾರಂಟಿಯ ವಾರ್ಷಿಕೋತ್ಸವ ಬಂದಾಗ ಮುಖ್ಯಮಂತ್ರಿಗಳ ಫೋಟೋ. ಅನ್ನ ಹಾಕುವವರ ಮನೆಯಲ್ಲಿ ಕೂತು ಉಪ್ಪು ಕಮ್ಮಿ ಅನ್ನುವುದು ಕಷ್ಟ, ನಮಗೂ ಅರ್ಥವಾಗುತ್ತದೆ. ಪೀಣ್ಯದ ಟರ್ನಿಂಗ್ ಶಾಪು ಜಾಹೀರಾತು ಕೊಡುವುದಿಲ್ಲ. ಹೆಲ್ಪರ್ ಕೊಡುವುದಿಲ್ಲ. ಆದರೆ ಪೇಪರಿಗೆ ದುಡ್ಡು ಕೊಡುವವರು ನಾವು, ರಿಮೋಟ್ ಇರುವುದೂ ನಮ್ಮ ಕೈಯಲ್ಲಿ.

ಇನ್ನು ಮಾಡಬೇಕಾದ ಕೆಲಸ. ಪ್ರತಿ ಫೆಬ್ರವರಿ 1ಕ್ಕೆ ಕೇಂದ್ರ ಬಜೆಟ್, ಮಾರ್ಚ್ ಹೊತ್ತಿಗೆ ರಾಜ್ಯದ್ದು. ಬಜೆಟ್ ದಿನ ಒಂದು ಪೆನ್ಸಿಲ್ ಹಿಡಿಯಿರಿ. ಚಾನೆಲ್ಲಿನಲ್ಲಿ ಯಾರ್‍ಯಾರು ಕೂತಿದ್ದಾರೆ ಬರೆದುಕೊಳ್ಳಿ: ಷೇರುಪೇಟೆಯವರು ಎಷ್ಟು, ಪಕ್ಷದ ವಕ್ತಾರರು ಎಷ್ಟು, ಸಣ್ಣ ಕೈಗಾರಿಕೆಯವರು ಎಷ್ಟು, ಕೂಲಿಯವರು ಎಷ್ಟು. ‘ಗಿಫ್ಟ್’, ‘ಬಂಪರ್’, ‘ಬಿಟ್ಟಿ’ ಅಂದಾಗಲೆಲ್ಲ ಒಂದು ಗೀಟು ಎಳೆಯಿರಿ. ‘ದುಡ್ಡು ಎಲ್ಲಿಂದ’ ಅಂತ ಎಷ್ಟು ಸಲ ಕೇಳಿದರು, ಯಾರ ದುಡ್ಡಿಗೆ ಕೇಳಿದರು, ಅದಕ್ಕೂ ಒಂದು ಗೀಟು. ಮರುದಿನ ಕ್ಯಾಂಟೀನಿನಲ್ಲಿ, ಕ್ಯಾಬಿನಲ್ಲಿ, ಹಳದಿ ಲೈನಿನ ಮೆಟ್ರೋದಲ್ಲಿ ಆ ಚೀಟಿ ಪಕ್ಕದವರಿಗೆ ತೋರಿಸಿ. ವಾಟ್ಸ್ಆ್ಯಪ್ ಫಾರ್ವರ್ಡಿಗಿಂತ ಅದಕ್ಕೆ ಬೆಲೆ ಹೆಚ್ಚು, ನೀವೇ ಎಣಿಸಿದ್ದಲ್ಲವೇ.

ತಪ್ಪು ಅಥವಾ ಅರ್ಧ ಸುದ್ದಿ ಕಂಡರೆ ಸಂಪಾದಕರಿಗೆ ಕನ್ನಡದಲ್ಲೇ ಪತ್ರ ಬರೆಯಿರಿ, ಕಟಿಂಗ್ ಜೊತೆಗಿಡಿ. ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ. ಟಿವಿಯಾದರೆ ಮೊದಲು ಚಾನೆಲ್ಲಿಗೇ ದೂರು, ಅವರು 15 ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಕೇಬಲ್ ಟಿವಿ ನಿಯಮ 6ರ ಪ್ರಕಾರ ಪ್ರಸಾರ ಮಾಡಬಾರದವುಗಳ ಪಟ್ಟಿಯಲ್ಲಿ ‘ಅರ್ಧಸತ್ಯ’ ಅನ್ನುವುದೂ ಇದೆ. ನಂಬದಿದ್ದರೆ ತೆಗೆದು ನೋಡಿ. ರಾಜ್ಯದ ಜಾಹೀರಾತಿನ ಲೆಕ್ಕ ಬೇಕೇ? ಇನ್‌ಫೆಂಟ್ರಿ ರಸ್ತೆಯ ವಾರ್ತಾ ಸೌಧಕ್ಕೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, ಯಾವ ಪತ್ರಿಕೆಗೆ, ಯಾವ ಚಾನೆಲ್ಲಿಗೆ, ಯಾವ ತಿಂಗಳು ಎಷ್ಟು ಅಂತ. ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಲಿ. ಕೇಂದ್ರದ ಜಾಹೀರಾತಿಗೆ ಇದೇ ಥರದ ಅರ್ಜಿ ದಿಲ್ಲಿಯ ಕೇಂದ್ರೀಯ ಸಂವಹನ ಬ್ಯೂರೋಗೆ. ಎರಡೂ ಕಡೆ ಹಾಕಿ, ಒಂದೇ ಕಡೆ ಹಾಕಿ ಸುಮ್ಮನಾಗಬೇಡಿ.

ಸುದ್ದಿಮನೆಯಲ್ಲಿ ದುಡಿಯುವ ಗೆಳೆಯರಿಗೂ ಒಂದು ಮಾತು. ನಿಮ್ಮ ಸಂಬಳ, ನಿಮ್ಮ ಪಾಳಿ ನಮ್ಮದಕ್ಕಿಂತ ಬಹಳ ಚೆನ್ನಾಗಿಲ್ಲ ಅಂತ ಗೊತ್ತು. ಬಜೆಟ್ ದಿನ ಐಟಿಪಿಎಲ್ ಗೇಟಿನ ಮುಂದೆ ಮೈಕ್ ಹಿಡಿಯಿರಿ, ಬೇಡ ಅನ್ನುವುದಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ, ಬೊಮ್ಮಸಂದ್ರದ ಕೈಗಾರಿಕಾ ಗೇಟಿನಲ್ಲೂ ಒಂದು ಗಳಿಗೆ ನಿಲ್ಲಿ. ಟಿಫನ್ ಕ್ಯಾರಿಯರ್ ಹಿಡಿದು ಬರುವವರಿಗೆ ತೆರಿಗೆ ಬಗ್ಗೆ ಹೇಳಲು ಮಾತಿದೆ.

ನಮಗೆ ಸಂಘದ ಹೆಸರಿಲ್ಲ, ಬ್ಯಾನರ್ ಇಲ್ಲ, ಚಂದಾ ಪುಸ್ತಕವೂ ಇಲ್ಲ. ಮೂರೂ ಕಡೆಯ ಹತ್ತು ಹನ್ನೆರಡು ಜನ ಓದುಗರು, ಅಷ್ಟೇ. ಕರಪತ್ರದ ಲೆಕ್ಕದಲ್ಲಿ ತಪ್ಪು ಕಂಡರೆ ಇದನ್ನು ಕೊಟ್ಟವರಿಗೇ ಹೇಳಿ, ಮುಂದಿನ ಅಚ್ಚಿನಲ್ಲಿ ಮೊದಲ ಸಾಲಿನಲ್ಲೇ ತಿದ್ದಿ ಹಾಕುತ್ತೇವೆ.

ಇಂತಿ,
ಜಾಹೀರಾತು ಕೊಡದ ಓದುಗರು

ಅಚ್ಚಿನ ಖರ್ಚು ನಮ್ಮ ಕೈಯಿಂದಲೇ. ಜಿಎಸ್‌ಟಿ ಬಿಲ್ಲು ಇದೆ, ಕೇಳಿದವರಿಗೆ ತೋರಿಸುತ್ತೇವೆ.